ದಸೈಂಗೆ ಮನೆಗೆ ಯಾವಾಗ ಹೋಗ್ತೀರಿ?

ನಿನ್ನೆ ರಾತ್ರಿ ಹನ್ನೊಂದಕ್ಕೆ ಕಠ್ಮಂಡುವಿನ ಕಲಂಕಿಯಲ್ಲಿ ಬಸ್ಸಿಳಿದೆವು. ಬಟ್ಟೆಗೆಲ್ಲ ಮುಗ್ಗಲು ವಾಸನೆ, ಅತ್ತೆಯ ಪಾದ ಊದಿಕೊಂಡಿದೆ, ಅವರು ಹತ್ತಬೇಕಿದ್ದ ದೆಹಲಿ ವಿಮಾನ ಮೊನ್ನೆಯೇ ಹೋಗಿಯಾಗಿದೆ. ಆದರೂ ಬೆಳಿಗ್ಗೆ ಎದ್ದವಳೇ ಇದನ್ನು ಬರೆಯಲು ಕೂತಿದ್ದೇನೆ. ನಾಲ್ಕು ದಿನ ಬಿಟ್ಟರೆ ಯಾವತ್ತು ಏನಾಯಿತು ಅನ್ನುವುದು ಕಲಸಿಹೋಗುತ್ತದೆ. ಕೆಲಸಕ್ಕೆಂದು ಕಠ್ಮಂಡುವಿಗೆ ಬಂದು ಮನೆ ಮಾಡುವ ಕನ್ನಡದವರು ಆಗಾಗ ಸಿಗುತ್ತಿರುತ್ತಾರೆ. ದಸೈಂ ಅಂದರೆ ಇಲ್ಲಿನ ದಸರೆ. ಆಗಸ್ಟ್ ಬಂತೆಂದರೆ ಎಲ್ಲರದೂ ಒಂದೇ ಪ್ರಶ್ನೆ: ದಸೈಂ ಹೊತ್ತಿಗೆ ಇಲ್ಲಿರೋದಾ, ಊರಿಗೆ ಹೋಗೋದಾ?

2024ರಲ್ಲಿ ನಾವು ಇಲ್ಲೇ ಇದ್ದೆವು. ನಮ್ಮಲ್ಲೂ ನವರಾತ್ರಿ ಇದೆಯಲ್ಲ, ಗೊತ್ತಿರುವ ಹಬ್ಬವೇ ಅನ್ನುವ ಧೈರ್ಯ. ಆದರೆ ಮೈಸೂರಿನಲ್ಲಿ ದಸರೆಗೆ ಊರು ತುಂಬುತ್ತದೆ, ಇಲ್ಲಿ ಊರು ಖಾಲಿಯಾಗುತ್ತದೆ. ಫೂಲಪಾತಿ, ಅಂದರೆ ಸಪ್ತಮಿ, ದಾಟುತ್ತಿದ್ದಂತೆ ಬಾನೇಶ್ವರದ ನಮ್ಮ ಗಲ್ಲಿಯಲ್ಲಿ ಹಾಲಿನ ಡೈರಿ, ತರಕಾರಿಯವನು, ಗ್ಯಾಸ್ ಅಂಗಡಿ ಒಂದೊಂದೇ ಬಾಗಿಲು ಎಳೆದುಕೊಂಡವು. ಎಟಿಎಂನಲ್ಲಿ ದುಡ್ಡಿಲ್ಲ. ಇದ್ದಬದ್ದ ಅವಲಕ್ಕಿ ಮುಗಿದ ಮೇಲೆ ವೈವೈ ನೂಡಲ್ಸ್ ತಿಂದುಕೊಂಡು ಇಬ್ಬರೂ ಟೆರೇಸಿನಲ್ಲಿ ಕೂತು ಪಕ್ಕದ ಮನೆ ಹುಡುಗರ ಗಾಳಿಪಟ ನೋಡಿದೆವು. ಅದಕ್ಕೆ ಮುಂಚಿನ ತಿಂಗಳಿಡೀ ಆಫೀಸಿನಲ್ಲಿ, ಅಂಗಡಿಯಲ್ಲಿ, ಟ್ಯಾಕ್ಸಿಯಲ್ಲಿ ಎಲ್ಲರೂ ಕೇಳಿದ್ದು ಒಂದೇ ಮಾತು: "ದಸೈಂಮಾ ಘರ್ ಕಹಿಲೆ ಜಾನೆ?" ದಸೈಂಗೆ ಮನೆಗೆ ಯಾವಾಗ ಹೋಗ್ತೀರಿ? ಹೋಗಲ್ಲ ಅಂದರೆ, ಮನೆಯಲ್ಲಿ ಏನೋ ಆಗಬಾರದ್ದು ಆಗಿದೆಯೇನೋ ಅನ್ನುವ ಹಾಗೆ ಮುಖ ನೋಡುತ್ತಿದ್ದರು.

ಈ ಸಲ, 2025ರಲ್ಲಿ, ನಮ್ಮ ಮನೆ ಮಾಲೀಕರು ಬಿಡಲಿಲ್ಲ. ನಿವೃತ್ತ ಮೇಷ್ಟ್ರು, ತನಹುಂ ಜಿಲ್ಲೆಯ ಬಾಹುನರು, ಅಂದರೆ ಬೆಟ್ಟದ ಬ್ರಾಹ್ಮಣರು. ಅವರನ್ನು ನಾವು 'ಬಾ' ಅನ್ನುತ್ತೇವೆ, ಅವರ ಹೆಂಡತಿಯನ್ನು 'ಆಮಾ'. ಒಬ್ಬನೇ ಮಗ ಆಸ್ಟ್ರೇಲಿಯಾದಲ್ಲಿ. "ಹಿರಿಯರ ಕೈಯಿಂದ ಹಣೆಗೆ ಟೀಕಾ ಇಟ್ಟುಕೊಳ್ಳದೆ ಎಂಥ ದಸೈಂ? ನಮ್ಮ ಜೊತೆ ಊರಿಗೆ ಬನ್ನಿ" ಅಂದರು ಬಾ. ಅದೇ ವಾರ ಸಾಗರದಿಂದ ಅತ್ತೆ ಫೋನು ಮಾಡಿ, ಒಮ್ಮೆ ಪಶುಪತಿನಾಥನ್ನ ನೋಡಿಬಿಡ್ತೀನಿ ಕಣೇ ಅಂದರು. ಎರಡನ್ನೂ ಸೇರಿಸಿದೆವು. ಇಲ್ಲಿಂದ ನಮ್ಮ ಫಜೀತಿ ಶುರು.

ಟಿಕೆಟ್ ತೆಗೆದಾಗಿತ್ತು. ಅಷ್ಟರಲ್ಲಿ ಸೆಪ್ಟೆಂಬರ್ 8 ಬಂತು. ನಮ್ಮ ಮನೆಯಿಂದ ನಡೆದುಹೋಗುವಷ್ಟು ದೂರದಲ್ಲಿ, ಸಂಸತ್ ಭವನದ ಎದುರು, ಪ್ರತಿಭಟನೆ ಮಾಡುತ್ತಿದ್ದ ಹುಡುಗರ ಮೇಲೆ ಗುಂಡು ಹಾರಿತು. ಮರುದಿನ ಅದೇ ಭವನಕ್ಕೆ ಬೆಂಕಿ ಬಿತ್ತು. ಸರ್ಕಾರದ ಕಚೇರಿಗಳಿರುವ ಸಿಂಹದರ್ಬಾರಿಗೂ ಬಿತ್ತು, ಪ್ರಧಾನಿ ರಾಜೀನಾಮೆ ಕೊಟ್ಟರು, ವಿಮಾನ ನಿಲ್ದಾಣ ಮುಚ್ಚಿತು, ಕರ್ಫ್ಯೂ ಬಂತು. ಕಿಟಕಿ ಹಾಕಿಕೊಂಡು ಹೊಗೆಯ ವಾಸನೆಯಲ್ಲಿ ಕೂತಿದ್ದೆವು. ಸಾಗರದಿಂದ ಗಂಟೆಗೊಂದು ಫೋನು. ಅತ್ತೆ ಬರುವುದು ಬೇಡ ಎಂದು ಇವರು, ನನ್ನ ಗಂಡ, ಖಂಡಿತವಾಗಿ ಹೇಳಿಬಿಟ್ಟರು. ವಾರ ಕಳೆಯಿತು. ಹೊಸ ಸರ್ಕಾರ ಬಂತು, ಅಂಗಡಿ ತೆರೆದವು, ಬೀದಿಯಲ್ಲಿ ಆಡುಗಳ ಸಂತೆ ಕಾಣಿಸಿತು. "ದಸೈಂ ಯಾರಿಗೂ ಕಾಯಲ್ಲ, ಕರೆಸಿ" ಅಂದರು ಆಮಾ.

ಈಗ ನನ್ನದೇ ತಪ್ಪೊಂದನ್ನು ಹೇಳಬೇಕು. ನೇಪಾಳಕ್ಕೆ ಬರಲು ಭಾರತೀಯರಿಗೆ ವೀಸಾ ಬೇಡ. ಅದು ಎಲ್ಲರಿಗೂ ಗೊತ್ತು, ಆ ಗೊತ್ತಿರುವುದೇ ನನ್ನನ್ನು ಕೆಡಿಸಿತು. ವಿಮಾನದಲ್ಲಿ ಬರುವುದಾದರೆ ಪಾಸ್‌ಪೋರ್ಟ್ ಬೇಕು, ಇಲ್ಲವೇ ಚುನಾವಣಾ ಆಯೋಗದ ಮತದಾರರ ಗುರುತಿನ ಚೀಟಿ. ಆಧಾರ್ ನಡೆಯುವುದು 65 ದಾಟಿದವರಿಗೆ ಮತ್ತು 15ರ ಒಳಗಿನವರಿಗೆ. ಅತ್ತೆಗೆ 63. ಬೆಂಗಳೂರಿನ ಕೌಂಟರಿನಲ್ಲಿ ಬೆಳಗಿನ ಜಾವ ನಾಲ್ಕಕ್ಕೆ ಅವರು ಲ್ಯಾಮಿನೇಷನ್ ಮಾಡಿಸಿದ ಆಧಾರ್ ಮುಂದಿಟ್ಟರೆ, ಅಲ್ಲಿದ್ದ ಹುಡುಗಿ ಎರಡು ಸಲ ಹುಟ್ಟಿದ ದಿನ ನೋಡಿ ತಲೆಯಾಡಿಸಿದಳಂತೆ. "ಎರಡು ವರ್ಷ ತಡೆದು ಬನ್ನಿ ಅನ್ನೋ ಥರ ನೋಡಿದ್ಳು" ಅಂತ ಅತ್ತೆ ಈಗ ನಗುತ್ತಾರೆ, ಆವತ್ತು ಅತ್ತಿದ್ದರು. ಓಟರ್ ಐಡಿ ಸಾಗರದ ಮನೆಯ ಗೋದ್ರೇಜಿನಲ್ಲಿತ್ತು. ಮೈದುನ ಅದನ್ನು ರಾತ್ರಿ ಬಸ್ಸಿನ ಡ್ರೈವರ್ ಕೈಲಿ ಕೊಟ್ಟುಕಳಿಸಿ, ಮೆಜೆಸ್ಟಿಕ್ಕಿನಲ್ಲಿ ಯಾರೋ ಇಸಕೊಂಡು, ಎರಡು ದಿನ ತಡವಾಗಿ ಹೊಸ ಟಿಕೆಟ್‌ನಲ್ಲಿ ಹೊರಟರು. 14,000 ರೂಪಾಯಿ ದಂಡ. ಚೀಟಿಯಲ್ಲಿನ ಹೆಸರು, ಟಿಕೆಟ್‌ನಲ್ಲಿನ ಹೆಸರು ಒಂದೇ ಇದೆಯೇ ಅಂತಲೂ ನೋಡಿಕೊಳ್ಳಿ. ನಮ್ಮದರಲ್ಲಿ ಇನಿಷಿಯಲ್ ಹಿಂದುಮುಂದಾಗಿತ್ತು, ಪುಣ್ಯಕ್ಕೆ ಯಾರೂ ಕೆದಕಲಿಲ್ಲ.

ದುಡ್ಡಿನ ವಿಷಯವನ್ನೂ ಇಲ್ಲೇ ಹೇಳಿಬಿಡುತ್ತೇನೆ. ಭಾರತದ 100 ರೂಪಾಯಿ ಇಲ್ಲಿನ 160. ಈ ಲೆಕ್ಕ ಸ್ಥಿರ, ಅತ್ತೆ ಒಂದೇ ದಿನದಲ್ಲಿ ಕಲಿತರು. ಅವರು ಸೆರಗಿನಲ್ಲಿ ಗಂಟು ಹಾಕಿ ತಂದಿದ್ದ ಐನೂರರ ನೋಟುಗಳು ಮಾತ್ರ ಉಪಯೋಗಕ್ಕೆ ಬರಲಿಲ್ಲ. ನಮ್ಮ ಗಲ್ಲಿಯಲ್ಲಿ ನೂರಕ್ಕಿಂತ ದೊಡ್ಡ ಭಾರತೀಯ ನೋಟನ್ನು ಯಾರೂ ಮುಟ್ಟಲಿಲ್ಲ. ಈ ನಿಯಮ ಬದಲಾಗುತ್ತಿರುತ್ತದೆ, ಹೊರಡುವ ಮುಂಚೆ ವಿಚಾರಿಸಿಕೊಳ್ಳಿ. 2024ರ ಮಾರ್ಚ್‌ನಿಂದ ಅಂಗಡಿಗಳ ಫೋನ್‌ಪೇ ಕ್ಯೂಆರ್‌ಗೆ ನಮ್ಮ ಯುಪಿಐ ನಡೆಯುತ್ತದೆ. ನಮ್ಮ ಫೋನ್‌ಪೇ ಅಲ್ಲ, ಇಲ್ಲಿನದೇ ಬೇರೆ ಕಂಪನಿ. ಹೆಸರು ಮಾತ್ರ ಒಂದೇ ಥರ. ಹಳ್ಳಿಗೆ ಹೋಗುವವರು ಅದನ್ನು ನೆಚ್ಚಬೇಡಿ, ಸಣ್ಣ ನೋಟು ಕಟ್ಟಿಕೊಂಡು ಹೋಗಿ.

ಬಂದ ಮರುದಿನ ಮಹಾಲಯ ಅಮಾವಾಸ್ಯೆ. ಪಶುಪತಿಯಲ್ಲಿ ಸರತಿ ಬಾಗ್ಮತಿಯ ಮೆಟ್ಟಿಲ ತನಕ ಇಳಿದಿತ್ತು. ಮೂರೂವರೆ ಗಂಟೆ ನಿಂತೆವು. ಆ ಗರ್ಭಗುಡಿಯಲ್ಲಿ ಲಿಂಗವನ್ನು ಮುಟ್ಟಿ ಪೂಜೆ ಮಾಡುವ ಹಕ್ಕು ಭಟ್ಟರಿಗೆ ಮಾತ್ರ, ಆ ಭಟ್ಟರು ಬರುವುದು ನಮ್ಮ ಕರ್ನಾಟಕದಿಂದ ಎಂದು ಹೇಳಿದ್ದೇ ತಡ, ಅತ್ತೆ ಸರತಿಯುದ್ದಕ್ಕೂ ಅವರಿಗೆ ಹೇಳಬೇಕಾದ ಮಾತನ್ನು ಗುನುಗಿಕೊಳ್ಳುತ್ತಿದ್ದರು. ಬಾಗಿಲೆದುರು ನಿಂತಾಗ "ಸ್ವಾಮಿ, ನಾವು ಸಾಗರ..." ಅನ್ನುವಷ್ಟರಲ್ಲಿ ಹಿಂದಿನವರು ಒತ್ತಿ ಮುಂದೆ ದಾಟಿಸಿಬಿಟ್ಟರು. ಒಳಗಿದ್ದವರು ಒಮ್ಮೆ ಕತ್ತೆತ್ತಿ ನೋಡಿದ್ದು ನಿಜ. ಕನ್ನಡ ಕೇಳಿಯೋ, ನೂಕುನುಗ್ಗಲಿಗೋ, ಇವತ್ತಿಗೂ ನಮ್ಮ ಮನೆಯಲ್ಲಿ ತೀರ್ಮಾನವಾಗಿಲ್ಲ.

ಸೆಪ್ಟೆಂಬರ್ 22, ಘಟಸ್ಥಾಪನೆ. ಆಮಾ ಮೆಟ್ಟಿಲ ಕೆಳಗಿನ ಕತ್ತಲು ಕೋಣೆಯಲ್ಲಿ ಮಣ್ಣು, ಮರಳು ಹರಡಿ ಜವೆಗೋಧಿ ಬಿತ್ತಿದರು. ಇದೇ ಜಮರಾ. ಬಿಸಿಲು ಬೀಳಬಾರದು, ಬಿದ್ದರೆ ಹಸಿರಾಗುತ್ತದೆ. ಬೇಕಾದದ್ದು ಹಳದಿ ಸಸಿ. ಧಾರವಾಡ, ಬೆಳಗಾವಿ ಕಡೆ ಘಟ ಹಾಕುವವರಿಗೆ ಇದು ಹೊಸದಲ್ಲ, ನಮ್ಮ ಮಲೆನಾಡಿನ ಅತ್ತೆಗೆ ಹೊಸದು. ಒಮ್ಮೆ ಬಾಗಿಲು ಸರಿಸಿ ಇಣುಕಲು ಹೋಗಿ ಆಮಾ ಕೈಲಿ ಬೈಸಿಕೊಂಡರು. ಆಮಾ ಬೈದದ್ದು ನೇಪಾಳಿಯಲ್ಲಿ, ಅತ್ತೆ ಸಮಜಾಯಿಷಿ ಕೊಟ್ಟಿದ್ದು ಕನ್ನಡದಲ್ಲಿ. ಇಬ್ಬರಿಗೂ ಎಲ್ಲ ಅರ್ಥವಾಗಿತ್ತು.

ಹಬ್ಬಕ್ಕೆ ಗರಿಗರಿ ಹೊಸ ನೋಟು ಬೇಕು. ಟೀಕಾ ಜೊತೆ ಕೊಡುವ ದಕ್ಷಿಣೆಗೆ ಮುದುರಿದ ನೋಟು ಕೊಟ್ಟರೆ ಮರ್ಯಾದೆಯಲ್ಲ. ಬ್ಯಾಂಕಿನಲ್ಲಿ ಒಂದು ಗಂಟೆ ನಿಂತೆ, ಕಿಟಕಿ ತಲುಪಿದಾಗ "ಸಕಿಯೋ", ಮುಗಿಯಿತು ಅಂದರು. ಕೊನೆಗೆ ಬಾ ತಮ್ಮ ಕಟ್ಟಿನಿಂದ ಇಪ್ಪತ್ತರ ಐವತ್ತು ನೋಟು ಕೊಟ್ಟರು. ನೀವು ಘಟಸ್ಥಾಪನೆಗೂ ಮುಂಚೆಯೇ ಹೋಗಿ ಕೇಳಿ.

ಬಸ್ಸಿನ ಟಿಕೆಟ್ ಕಥೆ ಸಣ್ಣದು. ಕಲಂಕಿಯ ಕೌಂಟರಿನಲ್ಲಿ ತಲೆಗೆ 600 ನೇಪಾಳಿ ರೂಪಾಯಿ, ಹತ್ತು ದಿನ ಮುಂಚೆ. ಚೀಟಿಯಲ್ಲಿ ಸೀಟು ನಂಬರು ಇದೆಯೇ ನೋಡಿಕೊಳ್ಳಿ. ನಂಬರಿಲ್ಲದ ಚೀಟಿ ಹಿಡಿದವರು ನಾವು ಇಳಿಯಬೇಕಿದ್ದ ಡುಮ್ರೆಯ ತನಕ ಮೋಢಾದ ಮೇಲೆ, ಅಂದರೆ ನಡುದಾರಿಯಲ್ಲಿಟ್ಟ ಬೆತ್ತದ ಮಣೆಯ ಮೇಲೆ, ಕೂತು ಬಂದರು.

ಪ್ರಯಾಣ ಮಾತ್ರ ಸಣ್ಣದಾಗಲಿಲ್ಲ. ಡುಮ್ರೆ ಹೆಚ್ಚೆಂದರೆ 135 ಕಿಲೋಮೀಟರ್. ಫೂಲಪಾತಿಯ ದಿನ, ಸೆಪ್ಟೆಂಬರ್ 29ರ ಬೆಳಿಗ್ಗೆ ಆರಕ್ಕೆ ಹೊರಟು ತಲುಪಿದಾಗ ಸಂಜೆ ಐದು. ಕಠ್ಮಂಡು ಕಣಿವೆಯ ಅಂಚಿನ ನಾಗಢುಂಗಾ ಘಾಟಿ ಇಳಿಯುವುದಕ್ಕೇ ಎರಡೂವರೆ ಗಂಟೆ. ನಮ್ಮ ಬಸ್ಸಿನ ಮೇಲೆ ನಾಲ್ಕು ಆಡುಗಳೂ ಪ್ರಯಾಣ ಮಾಡುತ್ತಿದ್ದವು. ತಿರುವಿನಲ್ಲಿ ಗೊರಸು ಜಾರುವ ಸದ್ದು ನೆತ್ತಿಯ ಮೇಲೇ ಕೇಳುತ್ತಿತ್ತು. ಝ್ಯಾಪ್ಲೆ ಖೋಲಾ ಬಂದಾಗ ಬಸ್ಸಿನಲ್ಲಿ ಮಾತು ನಿಂತಿತು. 2024ರ ಸೆಪ್ಟೆಂಬರ್ 28ರ ಮಳೆಯಲ್ಲಿ ಇಲ್ಲಿ ಗುಡ್ಡ ಜರಿದು ನಿಂತಿದ್ದ ಬಸ್ಸುಗಳ ಮೇಲೆ ಬಿದ್ದಿತ್ತು. ಮೂವತ್ತಕ್ಕೂ ಹೆಚ್ಚು ಜನ ಹೋದರು. ಬಾ ಟೋಪಿ ತೆಗೆದು ಕೈ ಮುಗಿದರು. ಮುಗ್ಲಿನ್ ದಾಟಿದ ಮೇಲೆ ರಸ್ತೆ ಅಗಲ ಮಾಡುವ ಕೆಲಸ, ಬರೀ ಧೂಳು. ಮಾಸ್ಕ್ ಇಟ್ಟುಕೊಳ್ಳಿ, ಒಂದಲ್ಲ, ಮೂರು ನಾಲ್ಕು.

ಡುಮ್ರೆಯಿಂದ ಜೀಪು, ಆಮೇಲೆ ಇಪ್ಪತ್ತು ನಿಮಿಷದ ಏರುದಾರಿ. ಊರಿನಲ್ಲಿ ಬಾ ಅವರ ಅಣ್ಣನ ಮನೆ, ಅಲ್ಲಿ ಇಬ್ಬರದೂ ತಾಯಿ, ಎಂಬತ್ತೇಳರ ಹಜುರ್‌ಆಮಾ, ಅಂದರೆ ಅಜ್ಜಿ. ಕಲ್ಲು, ಮಣ್ಣಿನ ಗೋಡೆ, ಕೆಳಗರ್ಧ ಕೆಮ್ಮಣ್ಣು ಸಾರಿಸಿದ್ದು. ಅಂಗಳದಾಚೆ ಬಿದಿರಿನ ಕಂಬ ಕೂಡಿಸಿ ಕಟ್ಟಿದ ಎತ್ತರದ ಜೋಕಾಲಿ, ಲಿಂಗೆ ಪಿಂಗ್. ವರ್ಷಕ್ಕೊಮ್ಮೆ ಕಾಲು ನೆಲ ಬಿಡಬೇಕು ಅಂತ ನನ್ನನ್ನೂ ಹತ್ತಿಸಿದರು.

ನನಗೆ ಊರು ಬಿಟ್ಟಾಗಿನಿಂದ ಇದ್ದ ಚಿಂತೆ ಊಟದ್ದು. ಇಲ್ಲಿನ ಬಾಹುನರು ಆಡಿನ ಮಾಂಸ ತಿನ್ನುತ್ತಾರೆ. ದಸೈಂ ಅಂದರೆ ಖಸಿ, ಅಂದರೆ ಬೀಜ ಒಡೆದ ಹೋತ. ಅತ್ತೆ ಬೆಳ್ಳುಳ್ಳಿಯನ್ನೂ ಮುಟ್ಟದವರು. ಚಟ್ನಿಪುಡಿ, ಉಪ್ಪಿನಕಾಯಿ, ಎರಡು ಕಿಲೋ ಅವಲಕ್ಕಿ ಹೊತ್ತು ತಂದಿದ್ದೆವು. ಅದರ ಅಗತ್ಯವೇ ಬೀಳಲಿಲ್ಲ. ಹಜುರ್‌ಆಮಾ ಗಂಡ ತೀರಿಕೊಂಡ ಮೇಲೆ ಮಾಂಸ ಬಿಟ್ಟವರು, ಅವರಿಗೆ ಬೇರೆಯೇ ಒಲೆ, ಬೇರೆಯೇ ಪಾತ್ರೆ. ಅತ್ತೆಯ ಬರಿದಾದ ಹಣೆ, ಕತ್ತು ನೋಡಿ ಅಜ್ಜಿ ಕೈ ಹಿಡಿದು ಸೀದಾ ಆ ಒಲೆಯ ಮುಂದೆ ಕೂರಿಸಿದರು. ಅನ್ನ, ಉದ್ದಿನಬೇಳೆಯ ಕಪ್ಪು ದಾಲ್, ಮೇಲೆ ತುಪ್ಪ, ಸೀಮೆಬದನೆ ಪಲ್ಯ, ಗುಂದ್ರುಕ್. ಹುಳಿ ಬರಿಸಿ ಒಣಗಿಸಿದ ಸೊಪ್ಪು ಅದು. ವಾಸನೆಗೆ ಮೊದಲ ದಿನ ಮೂಗು ಮುಚ್ಚಿಕೊಂಡ ಅತ್ತೆ ಮೂರನೆಯ ದಿನ ಕೇಳಿ ಹಾಕಿಸಿಕೊಂಡರು. ಸಸ್ಯಾಹಾರಿಗಳು ಯಾರಾದರೂ ದಸೈಂಗೆ ಹಳ್ಳಿಗೆ ಹೋಗುವುದಾದರೆ ಮೊದಲು ವಿಚಾರಿಸಬೇಕಾದ್ದು, ಮನೆಯಲ್ಲಿ ಮಾಂಸ ಬಿಟ್ಟ ಹಿರಿಯರು ಯಾರಿದ್ದಾರೆ ಅಂತ.

ಅಷ್ಟಮಿಯ ಬೆಳಿಗ್ಗೆ ಖಸಿಯನ್ನು ಮನೆಯ ಹಿಂದೆ ನಿಲ್ಲಿಸಿದರು. ನೀರು, ಅಕ್ಷತೆ, ಹೂವು ಹಾಕಿ ಅದು ಮೈ ಕೊಡವುವ ತನಕ ಕಾಯುತ್ತಾರೆ, ಕೊಡವಿದರೆ ಒಪ್ಪಿತು ಎಂದು ಅರ್ಥ. ಅದು ಕೊಡವಲಿಲ್ಲ. ಮತ್ತೆ ನೀರು, ಮತ್ತೆ ಮಂತ್ರ. ನಾವಿಬ್ಬರೂ ಅಜ್ಜಿಯ ಅಡುಗೆಮನೆಯಲ್ಲಿದ್ದೆವು. ಹೊರಗೆ ಎಲ್ಲರೂ ಒಟ್ಟಿಗೆ ಸುಮ್ಮನಾದಾಗ ಅತ್ತೆ ಇದ್ದಕ್ಕಿದ್ದ ಹಾಗೆ ತೊಳೆದಿಟ್ಟ ಪಾತ್ರೆಗಳನ್ನೇ ಜೋರಾಗಿ ತೊಳೆಯತೊಡಗಿದರು. ನೋಡಲೇಬೇಕೆಂದು ಯಾರೂ ಬಲವಂತ ಮಾಡುವುದಿಲ್ಲ. ಫೋಟೋ ತೆಗೆಯಲು ಹೋಗಬೇಡಿ, ಇದು ಪ್ರವಾಸಿಗರ ಆಟವಲ್ಲ.

ನವಮಿಯ ದಿನ ಅಜ್ಜಿ ತಮ್ಮ ಪಾಲಿನ ಬಲಿ ಕೊಟ್ಟರು: ಕುಭಿಂಡೊ. ಬೂದುಗುಂಬಳಕಾಯಿಗೆ ನಾಲ್ಕು ಕಡ್ಡಿ ಚುಚ್ಚಿ ಕಾಲು ಮಾಡಿ, ಕುಂಕುಮ ಹಚ್ಚಿ, ಅಂಗಳದಲ್ಲಿ ಪೂರ್ವಕ್ಕೆ ಮುಖ ಮಾಡಿ ನಿಲ್ಲಿಸಿದರು. ಒಂದು ಕಾಲು ಗಿಡ್ಡವಾಗಿ ಅದು ಪದೇಪದೇ ಮಗುಚುತ್ತಿತ್ತು. ಅತ್ತೆ ಎದ್ದುಹೋಗಿ ಕಡ್ಡಿ ಕಿತ್ತು, ಹಲ್ಲಿನಿಂದ ಕಚ್ಚಿ ಸಮ ಮಾಡಿ, ಮತ್ತೆ ಚುಚ್ಚಿದರು. "ನಮ್ಮಲ್ಲಿ ಆಯುಧಪೂಜೆಗೆ ಗಾಡಿ ಮುಂದೆ ಒಡೀತೀವಲ್ಲ, ಇದೂ ಅದೇ ಸೈ. ಕಾಲು ಮಾತ್ರ ಇರಲಿಲ್ಲ ಮಾರಾಯ್ತಿ" ಅಂದರು. ಖುಕುರಿ ಕತ್ತಿ ಒಂದೇ ಏಟಿಗೆ ಇಬ್ಭಾಗ ಮಾಡಿತು. ಅತ್ತ ಪಕ್ಕದ ಮನೆಯವರು ಮೋಟರ್ ಸೈಕಲ್ಲಿಗೆ ಹೋತದ ರಕ್ತ ಚಿಮುಕಿಸುತ್ತಿದ್ದರು, ಇತ್ತ ನಮ್ಮ ಕುಂಬಳಕಾಯಿ.

ದಶಮಿ ಅಕ್ಟೋಬರ್ 2. ಈ ವರ್ಷ ತಿಥಿ ಹೆಚ್ಚಾಗಿ, ಮೈಸೂರಿನಲ್ಲಾದ ಹಾಗೆ, ಹತ್ತು ದಿನದ್ದು ಹನ್ನೊಂದಾಗಿತ್ತು. ಟೀಕಾದ ಸಾಯಿತ್, ಅಂದರೆ ಮುಹೂರ್ತ, 11 ಗಂಟೆ 53 ನಿಮಿಷ. ಅಕ್ಕಿ, ಮೊಸರು, ಕೆಂಪು ಅಬೀರ್ ಪುಡಿ ಕಲಸಿದ ಬಟ್ಟಲು ಒಂದು. ಪಕ್ಕದಲ್ಲಿ ಅಬೀರ್ ಹಾಕದ ಬಿಳಿಯ ಚಿಕ್ಕ ಬಟ್ಟಲು. ಟೀಕಾ ಅಂದರೆ ನಮ್ಮ ಬೊಟ್ಟಿನಷ್ಟು ಎಂದುಕೊಳ್ಳಬೇಡಿ. ಹುಬ್ಬಿನಿಂದ ಕೂದಲ ತನಕ ಅಂಗೈಯಗಲ ಮೆತ್ತುತ್ತಾರೆ, ಮೊಸರು ಮೂಗಿನ ಮೇಲೆ ಇಳಿಯುತ್ತದೆ. ನಾನು ಆಸೆಯಿಂದ ಉಟ್ಟ ಕೆನೆಬಣ್ಣದ ಸೀರೆ ಇನ್ನು ಅಡುಗೆಮನೆಗೇ.

ಇಲ್ಲಿ ಒಂದು ತೊಡಕು ಬಂತು. ಟೀಕಾ ಹಾಕುವುದಕ್ಕೆ ನೀವು ಆ ಮನೆಗೆ ಏನಾಗಬೇಕು ಅನ್ನುವುದು ತೀರ್ಮಾನವಾಗಬೇಕು. ಯಾರು ಯಾರಿಗೆ ಹಾಕಬೇಕು, ಯಾರು ಯಾರ ಕಾಲಿಗೆ ಬೀಳಬೇಕು, ದಕ್ಷಿಣೆ ಎಷ್ಟು, ಎಲ್ಲವೂ ಅದರ ಮೇಲೆ. ಬಾಡಿಗೆದಾರರು ಅನ್ನುವ ನಂಟು ಆ ಪಟ್ಟಿಯಲ್ಲಿಲ್ಲ. ಬಾ ಮತ್ತು ಅವರ ಅಣ್ಣ ಐದು ನಿಮಿಷ ಚರ್ಚೆ ಮಾಡಿದರು. ನನ್ನ ಗಂಡ ಮಗನ ವಯಸ್ಸಿನವನು, ಹಾಗಾಗಿ ನಾನು ಸೊಸೆ ಅಂದರು ಅಣ್ಣ. ಬಾ ಒಪ್ಪಲಿಲ್ಲ. ಮಗಳಿಲ್ಲದ ಮನೆ ನಮ್ಮದು, ಇವಳು ಛೋರಿ, ಇವನು ಅಳಿಯ, ಅಂದರು. "ಹಾಗಾದರೆ ಇವರು ನನಗೆ ಸಮ್ಧಿನಿ!" ಎಂದು ಆಮಾ ಅತ್ತೆಯ ಕಡೆ ತಿರುಗಿದರು. ಬೀಗಿತ್ತಿ ಅಂತಿದ್ದಾರೆ ಎಂದು ನಾನು ಕನ್ನಡದಲ್ಲಿ ಹೇಳಿದೆ. ಅತ್ತೆ ಸೆರಗು ಸರಿಮಾಡಿಕೊಂಡು ಕೂತರು.

ನನ್ನ ಸರದಿ ಬಂದಾಗ ಬಾ ಟೀಕಾ ಹಚ್ಚಿ, ಹಳದಿ ಜಮರಾ ಕಿವಿಗೆ ಸಿಕ್ಕಿಸಿ, ಸಂಸ್ಕೃತದಲ್ಲಿ ಹರಸಿದರು. ಗಂಡಸರಿಗೆ ಅಶ್ವತ್ಥಾಮನ ಆಯುಷ್ಯ, ದಶರಥನ ಸಿರಿ. ಹೆಂಗಸರಿಗೆ 'ಜಯಂತೀ ಮಂಗಲಾ ಕಾಲೀ'. ನಾನು ನಮ್ಮ ಅಭ್ಯಾಸದಂತೆ ಅವರ ಕಾಲು ಮುಟ್ಟಲು ಬಗ್ಗಿದೆ. ಎಲ್ಲರೂ ಒಟ್ಟಿಗೆ "ಹೋಇನ, ಹೋಇನ!" ಅಂತ ಕೂಗಿದರು. ಅಲ್ಲ, ಅಲ್ಲ! ಏನು ತಪ್ಪಾಯಿತೆಂದು ತಿಳಿಯುವ ಮುಂಚೆ, ಅರವತ್ತೆಂಟರ ಆ ಮನುಷ್ಯ ಬಗ್ಗಿ ನನ್ನ ಪಾದಕ್ಕೆ ಹಣೆ ಮುಟ್ಟಿಸಿದರು. ನಾನು ಗಾಬರಿಯಲ್ಲಿ ಹಿಂದೆ ಹಾರಿ ಹಾಲಿನ ಚೊಂಬು ಚೆಲ್ಲಿದೆ. ಇವರಲ್ಲಿ ಮಗಳು ದೇವಿಯ ಲೆಕ್ಕ. ತಂದೆ ಮಗಳ ಕಾಲಿಗೆ ಬೀಳುತ್ತಾನೆ, ಮಗಳು ತಂದೆಯ ಕಾಲು ಮುಟ್ಟಬಾರದು. ನನ್ನ ಅಪ್ಪನ ಮುಖ ನೆನಪಾಯಿತು, ಏನು ಮಾಡಬೇಕೋ ತೋಚದೆ ಕೈ ಕಟ್ಟಿಕೊಂಡು ನಿಂತಿದ್ದೆ. ಹೋಗುವವರು ಈ ಒಂದನ್ನು ಮೊದಲೇ ಕೇಳಿಟ್ಟುಕೊಳ್ಳಿ. ಜಾತಿಯಿಂದ ಜಾತಿಗೆ, ಮನೆಯಿಂದ ಮನೆಗೆ ಪದ್ಧತಿ ಬೇರೆ. ಅಳಿಯನಾದ ಇವರಿಗೆ ಐನೂರರ ಹೊಸ ನೋಟು, ಮೇಲೊಂದು ಐದು, ಜೊತೆಗೆ ಪಾದನಮಸ್ಕಾರ. ಇವರು ಕಣ್ಣು ಮುಚ್ಚಿ ನಿಂತು ಸಹಿಸಿಕೊಂಡರು.

ಅತ್ತೆ ಅಷ್ಟು ಹೊತ್ತೂ ಬಾಗಿಲ ಮರೆಯಲ್ಲಿದ್ದರು. ಮಾವ ಹೋಗಿ ಒಂಬತ್ತು ವರ್ಷ. ಅಂದಿನಿಂದ ಹಬ್ಬ, ಮದುವೆಯಲ್ಲಿ ಅರಿಶಿನ, ಕುಂಕುಮದ ತಟ್ಟೆ ಬಂದರೆ ಅವರೇ ಒಳಗೆ ಸರಿದುಬಿಡುತ್ತಾರೆ, ಯಾರೂ ಹೇಳಬೇಕಾಗಿಲ್ಲ. ಹಜುರ್‌ಆಮಾ ಕರೆದರು. ಬರುವುದಿಲ್ಲ ಎಂದು ಅತ್ತೆ ಕೈಯಾಡಿಸಿದರು. ಅಜ್ಜಿ ಎದ್ದು ಬಂದು ಬಿಳಿಯ ಬಟ್ಟಲಿನಿಂದ ಅತ್ತೆಯ ಹಣೆಗೆ ಮೆತ್ತಿದರು, ತಮ್ಮ ಹಣೆಯ ಮೇಲಿದ್ದಂಥದ್ದೇ, ಮೊಸರಕ್ಕಿಯ ಬಿಳಿ ಟೀಕಾ. ಅಲ್ಲಿಗೆ ಮುಗಿಯಿತು ಅಂದುಕೊಂಡೆ. ಅಜ್ಜಿ ಕೆಂಪು ಬಟ್ಟಲನ್ನು ಅತ್ತೆಯ ಕೈಗೆ ಕೊಟ್ಟು, ಸಾಲಾಗಿ ಕೂತ ಏಳು ಮೊಮ್ಮಕ್ಕಳನ್ನು ತೋರಿಸಿದರು. ಹಿರಿಯರು ಹಾಕಬೇಕು, ಅಷ್ಟೇ. ಅಜ್ಜಿಯೇ ಬೆಳಗಿನಿಂದ ಎಲ್ಲರಿಗೂ ಕೆಂಪು ಹಚ್ಚುತ್ತಿದ್ದರಲ್ಲ, ಅದನ್ನು ನಾನು ಗಮನಿಸಿಯೇ ಇರಲಿಲ್ಲ. ಅತ್ತೆ ನನ್ನ ಮುಖ ನೋಡಿದರು. ಮೊದಲನೆಯ ಹುಡುಗಿಯ ಹಣೆಗೆ ಬೆರಳ ತುದಿಯಿಂದ ಸಾಸಿವೆಯಷ್ಟು ಇಟ್ಟರು. "ಅಲಿ ಧೇರೈ!" ಅಂತ ಆ ಹುಡುಗಿ ಹಣೆ ಮುಂದೊಡ್ಡಿದಳು, ಇನ್ನೂ ಜಾಸ್ತಿ ಹಾಕಿ ಅಂತ. ಏಳನೆಯವನ ಹೊತ್ತಿಗೆ ಅತ್ತೆಯ ಅಂಗೈ ಪೂರ್ತಿ ಕೆಂಪು. ಮಂತ್ರ ಗೊತ್ತಿಲ್ಲದ್ದಕ್ಕೆ "ನೂರು ಕಾಲ ಬಾಳು ಮಗಾ" ಅಂತಿದ್ದರು. ನನ್ನ ಹೊಸ ನೋಟುಗಳು ಖರ್ಚಾದದ್ದು ಆಗ.

ಮರುದಿನ ಏಕಾದಶಿ, ಇಬ್ಬರು ಮುದುಕಿಯರೂ ಉಪವಾಸ. ದಶಮಿಯ ನಂತರ ಹುಣ್ಣಿಮೆಯ ತನಕ ನೆಂಟರ ಮನೆಗೆ ಹೋಗಿ ಟೀಕಾ ಹಾಕಿಸಿಕೊಳ್ಳುತ್ತಲೇ ಇರಬೇಕು. ಮೂರು ಮನೆಗೆ ಹೋದೆವು. ನಾಲ್ಕನೆಯ ಮನೆಯಲ್ಲಿ ವರ್ಷದೊಳಗೆ ಸಾವಾಗಿತ್ತು, ಅಲ್ಲಿ ಟೀಕಾ ಇಲ್ಲ, ಬರೀ ಚಹಾ. ನಿಮ್ಮ ಮನೆಯಲ್ಲೂ ಹಾಗೇನಾದರೂ ಆಗಿದ್ದರೆ ಮೊದಲೇ ಹೇಳಿಬಿಡಿ, ಅವರು ಕೇಳಲು ಸಂಕೋಚಪಡುತ್ತಾರೆ.

3ರ ರಾತ್ರಿ ಮಳೆ ಹಿಡಿಯಿತು. 4ರಂದು ಹೊರಡಬೇಕಿತ್ತು. ಕಠ್ಮಂಡುವಿಗೆ ಬರುವ, ಹೋಗುವ ವಾಹನಗಳನ್ನೆಲ್ಲ ನಿಲ್ಲಿಸಿದ್ದಾರೆ ಎಂದು ಬೆಳಿಗ್ಗೆ ರೇಡಿಯೋ ಹೇಳಿತು. ಪೋಖರಾಕ್ಕೆ ಹೋಗಿ ವಿಮಾನ ಹಿಡಿಯೋಣವೆಂದರೆ ದೇಶದೊಳಗಿನ ವಿಮಾನಗಳೂ ನಿಂತಿದ್ದವು. ಮರುದಿನ ಪೂರ್ವದ ಇಲಾಮ್‌ನಿಂದ ಸುದ್ದಿ ಬಂತು: ಗುಡ್ಡ ಕುಸಿದು ಹತ್ತಾರು ಜನ ಸತ್ತಿದ್ದಾರೆ. ಸರ್ಕಾರ ಎರಡು ದಿನ ರಜೆ ಕೊಟ್ಟಿತು. ಹಿಂದಿನ ವರ್ಷ ಝ್ಯಾಪ್ಲೆ ಖೋಲಾದಲ್ಲಿ ಆದದ್ದನ್ನು ನೆನೆದರೆ, ರಸ್ತೆ ಮುಚ್ಚಿದ್ದಕ್ಕೆ ಬೈಯಲು ಬಾಯಿ ಬರಲಿಲ್ಲ. ಆದರೆ ಅತ್ತೆಯ ವಿಮಾನ 6ಕ್ಕೆ. ನೆಟ್‌ವರ್ಕ್ ಸಿಗುವುದು ಜೋಕಾಲಿಯ ಹತ್ತಿರ ಮಾತ್ರ. ಇವರು ಕೊಡೆ ಹಿಡಿದು, ಜೋಕಾಲಿಯ ಕಂಬಕ್ಕೆ ಒರಗಿ, ಒಂದೂವರೆ ಗಂಟೆ ಫೋನಿನಲ್ಲಿ ಕಾದರು. ದಿನ ಬದಲಿಸಲು 9,000 ರೂಪಾಯಿ ಹೋಯಿತು. ದಶಮಿಯಾದ ಮೇಲೆ ಒಂದು ವಾರದೊಳಗೆ ಯಾವ ವಿಮಾನವನ್ನೂ ಕಾದಿರಿಸಬೇಡಿ. ಬಿಪಿ, ಸಕ್ಕರೆ ಮಾತ್ರೆ ಹತ್ತು ದಿನದ್ದು ಹೆಚ್ಚು ಇಟ್ಟುಕೊಳ್ಳಿ. ಅತ್ತೆಯ ಬಿಪಿ ಮಾತ್ರೆ 5ಕ್ಕೆ ಮುಗಿಯಿತು, ಊರಿನ ಔಷಧದಂಗಡಿಯವನು ಟೀಕಾಕ್ಕೆಂದು ಮಾವನ ಮನೆಗೆ ಹೋಗಿ ಅಲ್ಲೇ ಸಿಕ್ಕಿಕೊಂಡಿದ್ದ. ಕೊನೆಗೆ ಅಜ್ಜಿಯ ಡಬ್ಬಿಯಲ್ಲಿ ಅದೇ ಮಾತ್ರೆ ಸಿಕ್ಕಿತು. ಹೆಸರು, ಪ್ರಮಾಣ ಎರಡೂ ಒಂದೇ ಇದೆ ಎಂದು ಇವರು ಮೂರು ಸಲ ಓದಿ ನೋಡಿದ ಮೇಲೆಯೇ ಕೊಟ್ಟಿದ್ದು.

6ಕ್ಕೆ ಹುಣ್ಣಿಮೆ, ಕೋಜಾಗ್ರತ್. ಅಜ್ಜಿ ಜಮರಾ ತೆಗೆದರು, ದಸೈಂ ಮುಗಿಯಿತು. 7ರ ಬೆಳಿಗ್ಗೆ ರಸ್ತೆ ತೆರೆದಿದೆ ಎಂದು ತಿಳಿದು ಹೊರಟರೆ, ಇಡೀ ದೇಶವೇ ಅದೇ ರಸ್ತೆಯಲ್ಲಿತ್ತು. ಟಿಕೆಟ್ 600ರ ಬದಲು 1,100. ವಾದ ಮಾಡುವ ತ್ರಾಣ ಯಾರಿಗೂ ಇರಲಿಲ್ಲ. ಹೊರಡುವಾಗ ಅಜ್ಜಿ ಅತ್ತೆಯ ಚೀಲಕ್ಕೆ ಗುಂದ್ರುಕ್ಕಿನ ಪೊಟ್ಟಣ ತುರುಕಿದರು. ಅತ್ತೆ ಉಳಿದ ಚಟ್ನಿಪುಡಿಯನ್ನು ಡಬ್ಬಿ ಸಮೇತ ಕೊಟ್ಟು ಬಂದರು, ನನ್ನ ಒಳ್ಳೆಯ ಸ್ಟೀಲ್ ಡಬ್ಬಿ.

ಈಗ ಅತ್ತೆ ಕೋಣೆಯಲ್ಲಿ ಮಲಗಿದ್ದಾರೆ. ಬಾನೇಶ್ವರದಲ್ಲಿ ಹಾಲು ಇನ್ನೂ ಬಂದಿಲ್ಲ. ಹೊಸ ಟಿಕೆಟ್ 11ನೇ ತಾರೀಕಿಗೆ. ಓಟರ್ ಐಡಿ ಎಲ್ಲಿಟ್ಟಿದ್ದಾರೆಂದು ಅವರ ಪರ್ಸು ತೆಗೆದು ನೋಡಿದೆ. ಪ್ಲಾಸ್ಟಿಕ್ ಕವರಿನೊಳಗೆ ಚೀಟಿಯ ಹಿಂದೆ ಒಣಗಿದ ಜಮರಾದ ನಾಲ್ಕು ಎಳೆ ಮಡಿಸಿಟ್ಟಿದ್ದರು. ಹಾಗೇ ಮುಚ್ಚಿ, ಪರ್ಸನ್ನು ನನ್ನ ಕೈಚೀಲಕ್ಕೆ ಹಾಕಿಕೊಂಡಿದ್ದೇನೆ.